ಕಂಪನಿ ಹುಡುಗನ ಕಾಶಿಯಾತ್ರೆ: ಬಿ.ವಿ. ಕಾರಂತರು ಕಟ್ಟಿದ ಹಾಡುವ ರಂಗಭೂಮಿ

ನಾಟಕ ಕಂಪನಿಯ ಮಾಲೀಕರೊಬ್ಬರು ತಮ್ಮಲ್ಲಿ ಬಣ್ಣ ಹಚ್ಚುತ್ತಿದ್ದ ಹುಡುಗನೊಬ್ಬನನ್ನು ಎಂ.ಎ. ಓದಲೆಂದು ದೂರದ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿಕೊಟ್ಟ ನಿದರ್ಶನ ಕನ್ನಡ ವೃತ್ತಿ ರಂಗಭೂಮಿಯ ಚರಿತ್ರೆಯಲ್ಲಿ ತೀರಾ ಅಪರೂಪ. ಕಂಪನಿಗಳಿಗೆ ಬೇಕಿದ್ದುದು ಕಂಠ, ರೂಪ, ನೆನಪಿನ ಶಕ್ತಿ. ಪದವಿ ಬೇಕಿರಲಿಲ್ಲ. ವಿಶ್ವವಿದ್ಯಾನಿಲಯಗಳಿಗೂ ಕಂಪನಿ ನಟರು ಬೇಕಿರಲಿಲ್ಲ. ಈ ಎರಡು ಲೋಕಗಳ ನಡುವಿನ ಗೋಡೆಯನ್ನು ಗುಬ್ಬಿ ವೀರಣ್ಣನವರು ಒಬ್ಬ ಹುಡುಗನ ಮಟ್ಟಿಗೆ ಒಡೆದರು. ಆ ಹುಡುಗ ಬಾಬುಕೋಡಿ ವೆಂಕಟರಮಣ ಕಾರಂತ. ಮುಂದೆ ದೇಶದ ರಂಗಭೂಮಿ ಹಾಡುವ ರೀತಿಯನ್ನೇ ಬದಲಿಸಿದವರು ಅವರು.

ಪಶ್ಚಿಮದ ಆಪೆರಾ ಲೋಕದಲ್ಲಿ ಯುವ ಗಾಯಕ-ನಟರ ತರಬೇತಿಗೆ ಸಂಗೀತ ವಿಭಾಗಗಳುಳ್ಳ ವಿಶ್ವವಿದ್ಯಾನಿಲಯಗಳೂ ವೃತ್ತಿನಿರತ ಆಪೆರಾ ಕಂಪನಿಗಳೂ ಕೈಜೋಡಿಸುವುದು ಈಗ ಸಾಮಾನ್ಯ ಸಂಗತಿ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಅಲ್ಲಿನ ಗ್ರ್ಯಾಂಡ್ ಆಪೆರಾ ಕಂಪನಿ ಮತ್ತು ಹ್ಯೂಸ್ಟನ್ ವಿಶ್ವವಿದ್ಯಾನಿಲಯ ಸೇರಿ ಇಂತಹದೊಂದು ಸ್ಟುಡಿಯೋ ಆರಂಭಿಸಿದ್ದು 1977ರಲ್ಲಿ. ಕಾಕತಾಳೀಯವೆಂಬಂತೆ ಅದೇ ವರ್ಷ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ನಮ್ಮಲ್ಲಿ ಆಪೆರಾ ಎಂಬ ಹೆಸರಿನ ಪ್ರಕಾರ ಬೆಳೆಯಲಿಲ್ಲ ನಿಜ. ಆದರೆ ಯಕ್ಷಗಾನ, ದೊಡ್ಡಾಟ, ಪಾರಿಜಾತ, ಕಂಪನಿ ನಾಟಕ ಇವೆಲ್ಲ ಹಾಡಿಲ್ಲದೆ ಒಂದು ಹೆಜ್ಜೆಯನ್ನೂ ಇಡದ ಪ್ರಕಾರಗಳು. ಹಾಡುತ್ತಾ ಅಭಿನಯಿಸುವವರನ್ನು ತಯಾರು ಮಾಡುವುದು ಹೇಗೆ ಎಂಬ ಪ್ರಶ್ನೆ ಕನ್ನಡಕ್ಕೆ ಹೊಸದೇನಲ್ಲ. ಆ ಪ್ರಶ್ನೆಯನ್ನು ಬದುಕಿಡೀ ಹೊತ್ತು ತಿರುಗಿದವರು ಕಾರಂತರು.

ಮಂಚಿಯ ಬಾಲಕ

ಕಾರಂತರು ಜನಿಸಿದ್ದು 1929ರ ಸೆಪ್ಟೆಂಬರ್ 19ರಂದು, ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ. ಮನೆಯಲ್ಲಿ ಬಡತನವಿತ್ತು. ಸುತ್ತಲೂ ಯಕ್ಷಗಾನದ ಚೆಂಡೆ, ಭೂತಕೋಲದ ವಾದ್ಯ, ಮಳೆಗಾಲದ ನಾನಾ ಸದ್ದುಗಳಿದ್ದವು. ಮುಂದೆ ಅವರ ರಂಗಸಂಗೀತವನ್ನು ಕೇಳಿದವರಿಗೆ ಈ ಬಾಲ್ಯದ ಸದ್ದುಗಳು ಅಲ್ಲಿ ಪತ್ತೆಯಾಗದೆ ಇರುವುದಿಲ್ಲ. ಮೂರನೆಯ ತರಗತಿಯಲ್ಲಿದ್ದಾಗಲೇ ಅವರು ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಪಾತ್ರ ವಹಿಸಿದರು. ಅದನ್ನು ಆಡಿಸಿದವರು ಪಿ.ಕೆ. ನಾರಾಯಣ ಎಂಬ ಅಧ್ಯಾಪಕರು.

ಆ ಹುಚ್ಚು ಬಾಲಕನನ್ನು ಮನೆಯಲ್ಲಿ ನಿಲ್ಲಗೊಡಲಿಲ್ಲ. ಹದಿಹರೆಯದಲ್ಲೇ ಊರು ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿಕೊಂಡರು. 1884ರಲ್ಲಿ ಆರಂಭಗೊಂಡ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಆ ಹೊತ್ತಿಗೆ ರಾಜ್ಯದ ಅತಿ ದೊಡ್ಡ ರಂಗಸಂಸ್ಥೆಯಾಗಿತ್ತು. ‘ಕುರುಕ್ಷೇತ್ರ’ ನಾಟಕಕ್ಕೆ ಆನೆಗಳನ್ನೇ ರಂಗಕ್ಕೆ ತಂದ ಖ್ಯಾತಿ ಅದರದು. ಕಾರಂತರು ಸೇರಿದ ಕಾಲದಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಅಂದರೆ ಮುಂದಿನ ಡಾ. ರಾಜ್‌ಕುಮಾರ್, ಕೂಡ ಅದೇ ಕಂಪನಿಯ ಬಳಗದಲ್ಲಿದ್ದರು. ಜಿ.ವಿ. ಅಯ್ಯರ್ ಸಹ ಗುಬ್ಬಿ ಕಂಪನಿಯ ಕೂಸೇ.

ಕಂಪನಿಯೆಂದರೆ ಊರಿಂದೂರಿಗೆ ಹೋಗುವ ಟೆಂಟು ಮಾತ್ರವಲ್ಲ, ಅದೊಂದು ವಸತಿ ಶಾಲೆ. ಬೆಳಿಗ್ಗೆ ಹಾರ್ಮೋನಿಯಂ ಮಾಸ್ತರರ ಮುಂದೆ ಹುಡುಗರು ಸ್ವರ ಹಿಡಿಯಬೇಕು. ಕಂದಪದ್ಯಗಳನ್ನು ಉಸಿರು ಕಟ್ಟದಂತೆ ಹೇಳಬೇಕು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಟಿಕೆಟಿನವನಿಗೂ ಸಾಹಿತ್ಯ ಕೇಳಿಸಬೇಕು. ಪ್ರೇಕ್ಷಕ ಒನ್ಸ್ ಮೋರ್ ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕು. ಇದನ್ನು ಹಾಸ್ಯ ಮಾಡುವುದು ಸುಲಭ. ಆದರೆ ರಾತ್ರಿ ಪೂರ್ತಿ ಹಾಡಿ ಮರುದಿನ ಮತ್ತೆ ಅದೇ ಶ್ರುತಿಯಲ್ಲಿ ನಿಲ್ಲುವ ಕಂಠಗಳನ್ನು ಆ ವ್ಯವಸ್ಥೆ ತಯಾರಿಸಿತು ಎಂಬುದನ್ನು ಮರೆಯುವಂತಿಲ್ಲ.

ಉತ್ತರ ಕರ್ನಾಟಕದಲ್ಲೂ ಇದೇ ಕತೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಮೇಲೆ ಮರಾಠಿ ಸಂಗೀತ ನಾಟಕದ ಗಾಳಿ ಆ ಭಾಗದಲ್ಲೆಲ್ಲ ಬೀಸಿತು. ಮಲ್ಲಿಕಾರ್ಜುನ ಮನಸೂರರು ಮೊದಲು ಹಾಡಿದ್ದು ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ. ಅವರು ಕರ್ನಾಟಕ ವಿಶ್ವವಿದ್ಯಾನಿಲಯದ ಸಂಗೀತ ವಿಭಾಗದೊಂದಿಗೆ ಗುರುತಿಸಿಕೊಂಡದ್ದು ಬಹಳ ವರ್ಷಗಳ ಬಳಿಕ. ಗದುಗಿನ ಪಂಚಾಕ್ಷರಿ ಗವಾಯಿಗಳಂತೂ ಅಂಧ ಮಕ್ಕಳಿಗೆ ಸಂಗೀತ ಕಲಿಸುವ ತಮ್ಮ ಆಶ್ರಮದ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೇ ಆಸರೆಯಾಗಿಸಿಕೊಂಡರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಆ ಪರಂಪರೆಯನ್ನು ಮುಂದುವರಿಸಿದರು. ದಾವಣಗೆರೆಯಲ್ಲಿ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ದಶಕಗಳ ಕಾಲ ಇದೇ ಕೆಲಸ ಮಾಡಿತು. ಚನ್ನಗಿರಿ, ಹೊನ್ನಾಳಿ, ಜಗಳೂರು ಕಡೆಯ ಹಳ್ಳಿಗಳಿಗೆ ಜಾತ್ರೆಯ ಹೊತ್ತಿಗೆ ನಾಟಕ ಕಲಿಸಲು ಬರುವ ಹಾರ್ಮೋನಿಯಂ ಮಾಸ್ತರರು ಈ ಕಂಪನಿಗಳ ಉಳಿಕೆಯೇ.

ಈ ಶಾಲೆಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಹುಡುಗ ಬಾಲಕೃಷ್ಣನಾಗಿ, ಲೋಹಿತಾಶ್ವನಾಗಿ, ಸ್ತ್ರೀಪಾತ್ರವಾಗಿ ಮೆರೆಯುವುದು ಕಂಠ ಒಡೆಯುವವರೆಗೆ ಮಾತ್ರ. ಕಂಠ ಒಡೆದು ಮೀಸೆ ಚಿಗುರಿದ ಮೇಲೆ ಅವನಿಗೆ ಕಂಪನಿಯಲ್ಲಿ ಸಿಗುವುದು ದೂತನ ಪಾತ್ರವೋ, ಪರದೆ ಎಳೆಯುವ ಕೆಲಸವೋ. ಹೊರಗೆ ಹೋಗೋಣವೆಂದರೆ ಅಕ್ಷರವಿಲ್ಲ. ರಾಜ್‌ಕುಮಾರ್ ಅವರಂತಹ ಮಹಾನ್ ಕಲಾವಿದರೂ ಪ್ರಾಥಮಿಕ ಶಾಲೆಯ ಆಚೆಗೆ ಹೋಗಲಾಗಲಿಲ್ಲ. ಅವರಿಗೆ ಸಿನಿಮಾ ಸಿಕ್ಕಿತು. ಹೆಸರೇ ಉಳಿಯದೆ ಹೋದ ನೂರಾರು ಹುಡುಗರಿಗೆ ಏನೂ ಸಿಗಲಿಲ್ಲ.

ಕಾರಂತರು ಕಂಪನಿಯಲ್ಲಿದ್ದುಕೊಂಡೇ ಹಿಂದಿ ಕಲಿತರು. ಓದಿನ ಹಸಿವು ಮಾಲೀಕರ ಕಣ್ಣಿಗೆ ಬಿತ್ತು. ವೀರಣ್ಣನವರು ಅವರನ್ನು ಹಿಂದಿ ಎಂ.ಎ. ಮಾಡಲೆಂದು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಸ್ವತಃ ಹೆಚ್ಚು ಶಾಲೆ ಕಾಣದ ಕಂಪನಿ ಮಾಲೀಕರೊಬ್ಬರು ತೆಗೆದುಕೊಂಡ ಈ ನಿರ್ಧಾರದ ಫಲ ಕಂಪನಿಗೆ ದಕ್ಕಲಿಲ್ಲ. ಹುಡುಗ ಮರಳಿ ಕಂಪನಿಗೆ ಬರಲಿಲ್ಲ. ಆದರೆ ಕನ್ನಡಕ್ಕೆ ಅದು ದಕ್ಕಿತು.

ಕಾಶಿಯಲ್ಲಿ ಎರಡು ಪಾಠ

ಕಾಶಿಯಲ್ಲಿ ಹಿಂದಿ ವಿಭಾಗದ ಮುಖ್ಯಸ್ಥರಾಗಿದ್ದವರು ಆಚಾರ್ಯ ಹಜಾರಿಪ್ರಸಾದ್ ದ್ವಿವೇದಿ. ಕಬೀರನನ್ನು ಆಧುನಿಕ ಓದುಗರಿಗೆ ಹೊಸದಾಗಿ ಪರಿಚಯಿಸಿದ ವಿದ್ವಾಂಸರು. ಅದೇ ವಿಶ್ವವಿದ್ಯಾನಿಲಯದ ಸಂಗೀತ ವಿಭಾಗವನ್ನು ಕಟ್ಟುತ್ತಿದ್ದವರು ಪಂಡಿತ ಓಂಕಾರನಾಥ ಠಾಕೂರರು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ಠಾಕೂರರ ಗಾಯನದಲ್ಲಿ ಭಾವಾಭಿನಯದ ಅಂಶ ಹೆಚ್ಚು. ಒಂದೇ ಪದವನ್ನು ಹತ್ತು ಬಗೆಯಲ್ಲಿ ಹೇಳಿ ಹತ್ತು ಅರ್ಥ ಹೊರಡಿಸುವ ಅವರ ರೀತಿಯನ್ನು ಶುದ್ಧ ಸಂಗೀತದ ಪಕ್ಷಪಾತಿಗಳು ನಾಟಕೀಯವೆಂದು ಆಕ್ಷೇಪಿಸುತ್ತಿದ್ದುದೂ ಉಂಟು. ನಾಟಕದಿಂದಲೇ ಬಂದ ಕಾರಂತರಿಗೆ ಇದಕ್ಕಿಂತ ತಕ್ಕ ಗುರು ಸಿಗುವುದು ಸಾಧ್ಯವಿರಲಿಲ್ಲ. ಅವರಲ್ಲಿ ಕಾರಂತರು ಹಿಂದೂಸ್ತಾನಿ ಸಂಗೀತದ ಅಭ್ಯಾಸ ಮಾಡಿದರು.

ಹೀಗೆ ಬೆಳಗಿನ ತರಗತಿಯ ಕಾವ್ಯಮೀಮಾಂಸೆ ಮತ್ತು ರಾಗದ ಪಾಠ ಒಂದೇ ಆವರಣದಲ್ಲಿ ದೊರೆತವು. ಕಂಪನಿಯಲ್ಲಿ ಮಟ್ಟು ಮೊದಲು, ಸಾಹಿತ್ಯ ಆಮೇಲೆ. ಜನಪ್ರಿಯ ಮಟ್ಟೊಂದು ಸಿಕ್ಕಿತೆಂದರೆ ಅದಕ್ಕೆ ಪದಗಳನ್ನು ತುರುಕುವುದು ರೂಢಿ. ಕಾರಂತರು ಮುಂದೆ ಈ ಕ್ರಮವನ್ನು ತಲೆಕೆಳಗು ಮಾಡಿದರು. ಅವರ ರಂಗಗೀತೆಗಳಲ್ಲಿ ಪದ ಮೊದಲು, ಸ್ವರ ಅದರ ಹಿಂದೆ. ಕಾಶಿಯ ಓದು ಇಲ್ಲದಿದ್ದರೆ ಈ ತಿರುವು ಬರುತ್ತಿತ್ತೆ ಎನ್ನುವುದು ಅನುಮಾನ.

1958ರ ಸುಮಾರಿಗೆ ಅವರು ಪ್ರೇಮಾ ಅವರನ್ನು ವಿವಾಹವಾದರು. ಪ್ರೇಮಾ ಸಹ ಕಾಶಿಯಲ್ಲೇ ಹಿಂದಿ ಪದವಿ ಪಡೆದರು. ಬಳಿಕ ದಂಪತಿ ದೆಹಲಿಗೆ ಹೋದರು. ಕಾರಂತರು ಹೊಸದಾಗಿ ಆರಂಭವಾಗಿದ್ದ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಯಾದರು. ಪ್ರೇಮಾ ಶಿಶುವಿಹಾರದಲ್ಲಿ ಶಿಕ್ಷಕಿಯಾಗಿ ದುಡಿದು ಸಂಸಾರ ತೂಗಿಸಿದರು. ಗಂಡನ ಓದಿಗೆ ಕಂಪನಿ ಮಾಲೀಕರ ಬಳಿಕ ಆಸರೆಯಾಗಿ ನಿಂತವರು ಹೆಂಡತಿ. ರಂಗ ಇತಿಹಾಸದ ಪುಸ್ತಕಗಳು ಈ ಮಾತನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಮುಂದೆ ಪ್ರೇಮಾ ಕಾರಂತರು ‘ಫಣಿಯಮ್ಮ’ ಚಿತ್ರ ನಿರ್ದೇಶಿಸಿ ಸ್ವಂತ ಹೆಸರಿನಿಂದಲೇ ಪ್ರಸಿದ್ಧರಾದರು.

1962ರಲ್ಲಿ ಕಾರಂತರು ನಾಟಕ ಶಾಲೆಯಿಂದ ಹೊರಬಂದರು. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು ಹಿಂದಿ ರಂಗಭೂಮಿಗೆ ಕೊಟ್ಟದ್ದು ಅವರ ಅನುವಾದ. 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಮಕ್ಕಳೊಡನೆ ಕಳೆದ ಈ ವರ್ಷಗಳನ್ನು ಅವರ ಜೀವನದ ಬಿಡುವಿನ ಅವಧಿಯೆಂದು ಭಾವಿಸಿದರೆ ತಪ್ಪಾದೀತು. ಸಂಗೀತ ಗೊತ್ತಿಲ್ಲದವರಿಂದ ಹಾಡಿಸುವ ಗುಟ್ಟು ಅವರಿಗೆ ಕೈವಶವಾದದ್ದು ಬಹುಶಃ ಅಲ್ಲೇ. ಪಂಜರದ ಗಿಳಿಗೆ ಪುಸ್ತಕ ತಿನ್ನಿಸಿ ಕೊಲ್ಲುವ ರವೀಂದ್ರನಾಥ ಠಾಕೂರರ ಕತೆಯನ್ನು ಆಧರಿಸಿ ಅವರು ರಚಿಸಿದ ‘ಪಂಜರಶಾಲೆ’ ಕರ್ನಾಟಕದ ಮಕ್ಕಳ ರಂಗಭೂಮಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ವಿಶ್ವವಿದ್ಯಾನಿಲಯದ ಋಣ ಹೊತ್ತವರೇ ಶಿಕ್ಷಣದ ಬಗ್ಗೆ ಇಷ್ಟು ಖಾರವಾದ ನಾಟಕ ಬರೆದರು.

ಕಲಾಕ್ಷೇತ್ರದ ಹಿಂದಿನ ಬಯಲು

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ಕಾರಂತರು ಮೂರು ನಾಟಕಗಳನ್ನು ಆಡಿಸಿದರು. ಪಿ. ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಅವರದೇ ‘ಸಂಕ್ರಾಂತಿ’ ಮತ್ತು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ನಗರದ ಹವ್ಯಾಸಿ ರಂಗಭೂಮಿ ಅಲ್ಲಿಯವರೆಗೆ ಹಾಡನ್ನು ಕಂಪನಿ ನಾಟಕದ ಹಳೆಯ ಗೀಳೆಂದು ದೂರವಿಟ್ಟಿತ್ತು. ಕುರ್ಚಿ, ಮೇಜು, ಮಾತು ಇವಿಷ್ಟೇ ಆಧುನಿಕ ನಾಟಕವೆಂಬ ತಿಳಿವಳಿಕೆ ಬಲವಾಗಿತ್ತು. ಆ ಬಯಲಿನಲ್ಲಿ ಹಾಡು ಮರಳಿ ಬಂತು. ಆದರೆ ಕಂಪನಿಯ ಹಾಡಾಗಿ ಬರಲಿಲ್ಲ. ಕತೆಯನ್ನು ನಿಲ್ಲಿಸಿ ನಟ ತನ್ನ ಕಂಠ ಮೆರೆಸುವ ಹಾಡು ಅದಲ್ಲ. ಕತೆಯನ್ನು ಮುಂದೂಡುವ, ಕೆಲವೊಮ್ಮೆ ಕತೆಯ ಜೊತೆ ಜಗಳ ಕಾಯುವ ಹಾಡು.

1974ರಲ್ಲಿ ಬೆಂಗಳೂರು ನಗರ ಕಲಾವಿದರು, ಅಂದರೆ ‘ಬೆನಕ’ ತಂಡ ಹುಟ್ಟಿತು. ಕಾರ್ನಾಡರ ‘ಹಯವದನ’ ಮತ್ತು ಶ್ರೀರಂಗರ ‘ಸತ್ತವರ ನೆರಳು’ ಆ ತಂಡದ ಹೆಸರಿನೊಡನೆ ಬೆರೆತುಹೋಗಿವೆ. ಮಠವೊಂದರ ಅಧಿಕಾರದ ಕತೆಯಾದ ‘ಸತ್ತವರ ನೆರಳು’ವಿನಲ್ಲಿ ಕಾರಂತರು ದಾಸರ ಪದಗಳನ್ನು ಬಳಸಿಕೊಂಡ ರೀತಿ ನೋಡಿದವರು ಇಂದಿಗೂ ಮರೆತಿಲ್ಲ. ಭಜನೆಯಲ್ಲಿ ಭಕ್ತಿಯಾಗಿ ಕೇಳುತ್ತಿದ್ದ ಪದ ರಂಗದ ಮೇಲೆ ವ್ಯಂಗ್ಯವಾಯಿತು. ಒಂದಕ್ಷರವನ್ನೂ ಬದಲಿಸದೆ ಲಯ, ಸ್ಥಾಯಿ ಮತ್ತು ಹಾಡುವ ಪಾತ್ರವನ್ನಷ್ಟೇ ಬದಲಿಸಿ ಸಾಧಿಸಿದ ಪವಾಡ ಅದು.

ಬೆನಕದ ನಟರಲ್ಲಿ ಬಹುಮಂದಿ ಹಗಲು ಬ್ಯಾಂಕು, ಕಚೇರಿ, ಕಾರ್ಖಾನೆಗಳಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವವರು. ಸಂಗೀತ ಪಾಠ ಕಂಡವರು ಕಡಿಮೆ. ಕಾರಂತರು ಅವರ ಕಂಠವನ್ನು ತಿದ್ದುವುದಕ್ಕಿಂತ ಇದ್ದ ಕಂಠದಲ್ಲೇ ಹಾಡು ಹುಡುಕಿದರು. ಒರಟು ಧ್ವನಿಗೆ ಒರಟು ಹಾಡು. ಕೀರಲು ಧ್ವನಿಗೆ ಅದಕ್ಕೆ ಹೊಂದುವ ಸಾಲು. ಒಬ್ಬನಿಗೆ ಶ್ರುತಿ ನಿಲ್ಲದಿದ್ದರೆ ಮೇಳದ ನಡುವೆ ನಿಲ್ಲಿಸಿ ನಾಲ್ವರ ಆಸರೆ ಕೊಡುವುದು. ವಾದ್ಯಗಳ ವಿಷಯದಲ್ಲೂ ಅಷ್ಟೇ. ಹಾರ್ಮೋನಿಯಂ ಕೈಬಿಡದೆ ಅದರ ಪಕ್ಕದಲ್ಲಿ ತೆಂಗಿನ ಚಿಪ್ಪು, ಕಲ್ಲು, ತಗಡಿನ ಡಬ್ಬ, ಬಿದಿರಿನ ತುಂಡು ಇಟ್ಟರು. ಸದ್ದು ಮಾಡುವ ಯಾವುದೇ ವಸ್ತು ಅವರ ಕೈಗೆ ಸಿಕ್ಕರೆ ವಾದ್ಯವಾಗುತ್ತಿತ್ತು.

ಶಾಸ್ತ್ರೀಯ ಸಂಗೀತದವರಿಗೆ ಇದು ಅಷ್ಟಾಗಿ ರುಚಿಸಿದ್ದಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿಲ್ಲವೆಂದೂ ಹೇಳಲಾಗದು. ಕಾರಂತರ ಪದ್ಧತಿಯಲ್ಲಿ ತಯಾರಾದ ನಟ ಕಾರಂತರ ನಾಟಕದಲ್ಲಿ ಚೆನ್ನಾಗಿ ಹಾಡುತ್ತಿದ್ದ. ಅದರಾಚೆಗೆ ಸ್ವತಂತ್ರವಾಗಿ ಹಾಡುವ ಬಲ ಎಲ್ಲರಿಗೂ ಬರಲಿಲ್ಲ. ಕಂಪನಿಯ ಕಠಿಣ ಸ್ವರಾಭ್ಯಾಸ ಇಲ್ಲಿ ಕೈಬಿಟ್ಟುಹೋಗಿತ್ತು. ಅವರದೇ ‘ಚೋಮನ ದುಡಿ’ ಚಿತ್ರ ಈ ಮಾತಿಗೆ ಒಂದು ಸಾಕ್ಷಿ. 1975ರ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಸ್ವರ್ಣಕಮಲ ಪಡೆದ ಆ ಚಿತ್ರದ ಚೋಮ, ಶ್ರೇಷ್ಠ ನಟ ಪ್ರಶಸ್ತಿ ಪಡೆದ ಎಂ.ವಿ. ವಾಸುದೇವರಾವ್, ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿ ಬೆಳೆದವರು. ದುಡಿಯ ಲಯವನ್ನು ಮೈಯಲ್ಲೇ ಹೊತ್ತ ನಟ ಬೇಕಾದಾಗ ಕಾರಂತರು ತಮ್ಮ ಹಳೆಯ ಕಂಪನಿಯ ಕಡೆಗೇ ತಿರುಗಿದರು.

ಚಿತ್ರಸಂಗೀತದಲ್ಲಿಯೂ ಅವರ ಸಾಧನೆ ಸಣ್ಣದಲ್ಲ. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ 1976 ಮತ್ತು 1977ನೇ ಸಾಲಿನ ರಾಷ್ಟ್ರಪ್ರಶಸ್ತಿಗಳು ಸತತವಾಗಿ ಬಂದವು. ‘ವಂಶವೃಕ್ಷ’ದ ನಿರ್ದೇಶನಕ್ಕೆ ಕಾರ್ನಾಡರೊಡನೆ ಹಂಚಿಕೊಂಡ ರಾಷ್ಟ್ರಪ್ರಶಸ್ತಿ ಅದಕ್ಕೂ ಮುಂಚಿನದು.

ದೆಹಲಿ, ಭೋಪಾಲ

ಹದಿನೈದು ವರ್ಷ ಇಬ್ರಾಹಿಂ ಅಲ್ಕಾಜಿ ಅವರ ಶಿಸ್ತಿನ ಆಡಳಿತ ಕಂಡಿದ್ದ ರಾಷ್ಟ್ರೀಯ ನಾಟಕ ಶಾಲೆಗೆ 1977ರಲ್ಲಿ ಕಾರಂತರು ನಿರ್ದೇಶಕರಾಗಿ ಬಂದರು. ತಾವು ಓದಿದ ಶಾಲೆಗೇ ಮುಖ್ಯಸ್ಥರಾಗುವ ಯೋಗ. ಅಲ್ಕಾಜಿಯವರದು ಪಾಶ್ಚಾತ್ಯ ರಂಗಶಿಕ್ಷಣದ ಅಚ್ಚುಕಟ್ಟು. ಕಾರಂತರದು ಜೋಳಿಗೆ ಹೆಗಲಿಗೇರಿಸಿ ಊರೂರು ಸುತ್ತುವ ಕ್ರಮ. ಶಾಲೆಯ ಶಿಬಿರಗಳನ್ನು ಅವರು ದೆಹಲಿಯಿಂದ ದೂರದ ಮದುರೆಯವರೆಗೂ ಒಯ್ದರು. 1979ರಲ್ಲಿ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ರಘುವೀರ ಸಹಾಯ್ ಅವರ ಹಿಂದಿ ಅನುವಾದದಲ್ಲಿ ‘ಬರ್ನಂ ವನ’ವೆಂಬ ಹೆಸರಿನಿಂದ, ಯಕ್ಷಗಾನದ ಹೆಜ್ಜೆ-ಗತ್ತುಗಳನ್ನು ಅಳವಡಿಸಿ ಆಡಿಸಿದರು. ಹಿಂದಿ ಮಾತಾಡುವ ನಟರು ಮಂಚಿಯ ಬಯಲಾಟದ ಲಯಕ್ಕೆ ಕುಣಿದರು.

ಶಾಲೆಯೊಳಗೆ ಎಲ್ಲರೂ ಇದನ್ನು ಒಪ್ಪಲಿಲ್ಲ. ಜಾನಪದವನ್ನು ಅಲಂಕಾರವಾಗಿ ಅಂಟಿಸಲಾಗುತ್ತಿದೆ ಎಂಬ ಟೀಕೆ ಆಗಲೂ ಇತ್ತು, ನಂತರವೂ ಉಳಿಯಿತು. ಕಾರಂತರನ್ನು ಅನುಕರಿಸಿದ ಎಷ್ಟೋ ನಾಟಕಗಳ ವಿಷಯದಲ್ಲಿ ಈ ಟೀಕೆ ಪೂರ್ತಿ ಸರಿ. ಡೊಳ್ಳು ಬಾರಿಸಿದರೆ ನಾಟಕವಾಯಿತೆಂಬ ಭ್ರಮೆ ಎಂಬತ್ತರ ದಶಕದ ಕನ್ನಡ ಹವ್ಯಾಸಿ ರಂಗಭೂಮಿಯಲ್ಲಿ ಸಾಕಷ್ಟು ಹಬ್ಬಿತ್ತು.

1981ರಲ್ಲಿ ಪದ್ಮಶ್ರೀ ಬಂತು. ಅದೇ ಹೊತ್ತಿಗೆ ಮಧ್ಯಪ್ರದೇಶ ಸರ್ಕಾರದ ಕರೆಯ ಮೇರೆಗೆ ಭೋಪಾಲಕ್ಕೆ ತೆರಳಿ ಭಾರತ ಭವನದ ರಂಗಮಂಡಲವನ್ನು ಕಟ್ಟಿದರು. ಸಂಬಳ ಪಡೆದು ವರ್ಷವಿಡೀ ತಾಲೀಮು ಮಾಡುವ, ನಾಟಕ ಆಡುವ ವೃತ್ತಿಪರ ತಂಡ ಅದು. ಒಂದರ್ಥದಲ್ಲಿ ಗುಬ್ಬಿ ಕಂಪನಿಯ ಮರುಹುಟ್ಟು. ಗಲ್ಲಾಪೆಟ್ಟಿಗೆಯ ಜಾಗದಲ್ಲಿ ಸರ್ಕಾರದ ಅನುದಾನ ಬಂದಿತ್ತು, ಅಷ್ಟೇ. ಬುಂದೇಲಿ, ಮಾಳವಿ, ಛತ್ತೀಸಗಢಿ ನುಡಿಗಳಲ್ಲಿ ನಾಟಕಗಳು ಬಂದವು. ಶಿಷ್ಯರ ಬಾಯಲ್ಲಿ ಕಾರಂತರು ‘ಬಾಬಾ’ ಆದರು.

1986ರಲ್ಲಿ ಈ ಅಧ್ಯಾಯ ದುರಂತದಲ್ಲಿ ಮುಗಿಯಿತು. ರಂಗಮಂಡಲದ ನಟಿಯೊಬ್ಬರು ಕಾರಂತರ ನಿವಾಸದಲ್ಲಿ ತೀವ್ರ ಸುಟ್ಟಗಾಯಗಳಿಗೆ ಒಳಗಾದರು. ಕಾರಂತರ ಬಂಧನವಾಯಿತು. ದೇಶದ ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು. ಮುಂದೆ ನ್ಯಾಯಾಲಯ ಅವರನ್ನು ಆರೋಪದಿಂದ ಮುಕ್ತಗೊಳಿಸಿತು. ಹಾಗೆಂದು ಆ ಘಟನೆಯನ್ನು ಅವರ ಜೀವನ ಚರಿತ್ರೆಯಿಂದ ಕಿತ್ತುಹಾಕುವುದು ಸಲ್ಲದು. ಅಲ್ಲಿ ಬೆಂದದ್ದು ಒಬ್ಬ ಕಲಾವಿದೆಯ ಬದುಕು. ಗುರು, ಶಿಷ್ಯೆ, ತಂಡ ಎಲ್ಲ ಒಂದೇ ಸೂರಿನಡಿ ಬೆರೆತುಹೋಗುವ ಕಂಪನಿ ಪದ್ಧತಿಗೆ ಹೊಸ ಕಾಲದಲ್ಲಿ ಯಾವ ಕಟ್ಟುಪಾಡು ಇರಬೇಕೆಂಬ ಪ್ರಶ್ನೆಯನ್ನು ರಂಗಭೂಮಿ ಅಂದು ಗಂಭೀರವಾಗಿ ಕೇಳಿಕೊಳ್ಳಲಿಲ್ಲ.

ರಂಗಾಯಣ

1989ರಲ್ಲಿ ಕರ್ನಾಟಕ ಸರ್ಕಾರ ಮೈಸೂರಿನ ಕಲಾಮಂದಿರದ ಆವರಣದಲ್ಲಿ ರಂಗಾಯಣವನ್ನು ಸ್ಥಾಪಿಸಿ ಕಾರಂತರನ್ನು ನಿರ್ದೇಶಕರನ್ನಾಗಿ ಕರೆತಂದಿತು. ಅರವತ್ತರ ಹೊಸ್ತಿಲಲ್ಲಿದ್ದ ಅವರಿಗೆ ತಾಯ್ನುಡಿಯಲ್ಲಿ ಒಂದು ವೃತ್ತಿಪರ ತಂಡ ಕಟ್ಟುವ ಅವಕಾಶ ಕೊನೆಗೂ ದೊರೆಯಿತು. ರಾಜ್ಯದ ನಾನಾ ಭಾಗಗಳಿಂದ ಇಪ್ಪತ್ತಕ್ಕೂ ಹೆಚ್ಚು ಯುವಕ-ಯುವತಿಯರನ್ನು ಆರಿಸಿಕೊಂಡರು. ಅವರವರ ಊರಿನ ಆಡುಮಾತು, ಅವರವರ ಹಾಡು ಒಂದೆಡೆ ಕೂಡಿದವು.

ರಂಗಾಯಣ ವಿಶ್ವವಿದ್ಯಾನಿಲಯವಲ್ಲ, ಕಂಪನಿಯೂ ಅಲ್ಲ. ಕಾರಂತರ ಕಲ್ಪನೆಯಲ್ಲಿ ಅದು ಎರಡೂ ಆಗಬೇಕಿತ್ತು. ಓದು, ಹಾಡು, ಕುಣಿತ, ಪರಿಕರ ತಯಾರಿ ಎಲ್ಲವನ್ನೂ ಕಲಾವಿದರೇ ಕಲಿಯಬೇಕು. ಕಲಿಕೆ ಮುಗಿಸಿ ಪ್ರಮಾಣಪತ್ರ ಹಿಡಿದು ಹೊರಟುಹೋಗುವಂತಿಲ್ಲ. ಕಲಿತದ್ದನ್ನು ಮರುಸಂಜೆಯೇ ಪ್ರೇಕ್ಷಕರ ಮುಂದೆ ಒರೆಗೆ ಹಚ್ಚಬೇಕು. ಕಾಶಿಯಲ್ಲಿ ಹಗಲು ತರಗತಿ ಇತ್ತು, ರಾತ್ರಿ ರಂಗವಿರಲಿಲ್ಲ. ಗುಬ್ಬಿ ಕಂಪನಿಯಲ್ಲಿ ರಾತ್ರಿ ರಂಗವಿತ್ತು, ಹಗಲು ಗ್ರಂಥಾಲಯವಿರಲಿಲ್ಲ. ಮೈಸೂರಿನಲ್ಲಿ ಎರಡನ್ನೂ ಒಂದೇ ಕಾಂಪೌಂಡಿನೊಳಗೆ ಕೂಡಿಸಲು ಅವರು ಯತ್ನಿಸಿದರು.

ಯತ್ನ ಎಷ್ಟರಮಟ್ಟಿಗೆ ಫಲಿಸಿತು? ರಂಗಾಯಣದ ಮೊದಲ ತಂಡದ ಕಲಾವಿದರು ಕನ್ನಡದ ಪ್ರಥಮ ಸಾಲಿನ ನಟರಾದರು ಎಂಬುದರಲ್ಲಿ ಎರಡು ಮಾತಿಲ್ಲ. ಮಂಡ್ಯ ರಮೇಶ್ ಮೈಸೂರಿನಲ್ಲೇ ‘ನಟನ’ವೆಂಬ ರಂಗಶಾಲೆ ಕಟ್ಟಿದರು. ಹುಲುಗಪ್ಪ ಕಟ್ಟೀಮನಿ ಸೆರೆಮನೆಯ ಕೈದಿಗಳಿಂದ ನಾಟಕ ಆಡಿಸಿ ಹೆಸರಾದರು. ಆದರೆ ಸರ್ಕಾರಿ ಸಂಸ್ಥೆಯ ಸ್ವಭಾವ ಬೇರೆ. ಸಂಬಳದ ಭದ್ರತೆ ಬಂದ ಕೂಡಲೇ ಸೇವಾ ನಿಯಮ, ಕಡತ, ಅಸಮಾಧಾನಗಳೂ ಬಂದವು. ತಂಡಕ್ಕೆ ಹೊಸ ನೀರು ಹರಿಯುವುದು ನಿಂತು ಅದೇ ಕಲಾವಿದರು ವರ್ಷಾನುಗಟ್ಟಲೆ ಮುಂದುವರಿದರು. ಕಂಪನಿಯಲ್ಲಿ ಕಂಠ ಒಡೆದವನನ್ನು ಬೀದಿಗೆ ಬಿಡುತ್ತಿದ್ದರು. ಇಲ್ಲಿ ಯಾರನ್ನೂ ಬಿಡುವಂತಿಲ್ಲ, ಹೊಸಬರನ್ನು ಕರೆಯುವಂತೆಯೂ ಇಲ್ಲ. ಯಾವುದು ಮೇಲು? ಮನುಷ್ಯತ್ವದ ದೃಷ್ಟಿಯಿಂದ ಎರಡನೆಯದೇ. ಕಲೆಯ ದೃಷ್ಟಿಯಿಂದ ಉತ್ತರ ಅಷ್ಟು ಸಲೀಸಲ್ಲ. ಕಾರಂತರು 1995ರಲ್ಲಿ ರಂಗಾಯಣದ ಹೊಣೆಯಿಂದ ಹೊರಬಂದರು.

ಈ ನಡುವೆ ಅವರು ಕೈಗೆತ್ತಿಕೊಂಡ ಒಂದು ಕೆಲಸಕ್ಕೆ ವಿಶೇಷ ಮಹತ್ವವಿದೆ. ಪು.ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’. ಮೇಲುಕೋಟೆಯ ಈ ಕವಿ ಕನ್ನಡಕ್ಕೆ ಗೀತನಾಟಕವನ್ನು ಕೊಡಬೇಕೆಂದು ಜೀವಮಾನವಿಡೀ ಶ್ರಮಿಸಿದವರು. 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ಕೃತಿಯೂ ‘ಹಂಸ ದಮಯಂತಿ ಮತ್ತು ಇತರ ರೂಪಕಗಳು’. ಕನ್ನಡದಲ್ಲಿ ಆಪೆರಾಗೆ ತೀರಾ ಹತ್ತಿರವಾದುದು ಯಾವುದೆಂದು ಕೇಳಿದರೆ ಪು.ತಿ.ನ. ಅವರ ಗೀತನಾಟಕಗಳನ್ನೇ ತೋರಿಸಬೇಕು. ಅವು ಬಹುಕಾಲ ಪುಸ್ತಕದಲ್ಲೇ ಉಳಿದದ್ದಕ್ಕೆ ಕಾರಣ ಸ್ಪಷ್ಟ. ಆಡಬಲ್ಲ ಗಾಯಕರಿರಲಿಲ್ಲ, ಹಾಡಬಲ್ಲ ನಟರಿರಲಿಲ್ಲ. ಸಂಗೀತ ಕಾಲೇಜಿನ ವಿದ್ಯಾರ್ಥಿಗೆ ರಂಗದ ಮೇಲೆ ಕೈಕಾಲು ಆಡುವುದಿಲ್ಲ, ನಾಟಕ ಶಾಲೆಯ ವಿದ್ಯಾರ್ಥಿಗೆ ರಾಗ ನಿಲ್ಲುವುದಿಲ್ಲ. ಬೆನಕಕ್ಕಾಗಿ ಕಾರಂತರು ‘ಗೋಕುಲ ನಿರ್ಗಮನ’ವನ್ನು ರಂಗಕ್ಕೆ ತಂದಾಗ ಕೃಷ್ಣ ಕೊಳಲು ಬಿಟ್ಟು ಮಧುರೆಗೆ ಹೊರಡುವ ಆ ವಿದಾಯದ ಕತೆ ಮೊದಲಿನಿಂದ ಕಡೆಯವರೆಗೆ ಹಾಡಾಗಿಯೇ ಹರಿಯಿತು. ಕಂಪನಿಯ ಕಂದಪದ್ಯ, ಕಾಶಿಯ ರಾಗ, ಯಕ್ಷಗಾನದ ಮೇಳ, ಬಯಲಿನ ಡಬ್ಬ-ಚಿಪ್ಪುಗಳ ಪ್ರಯೋಗ ಇವೆಲ್ಲ ಸೇರಿದ ಅನುಭವ ಅದರ ಹಿಂದಿತ್ತು. ಅವರ ಕಾಲಾನಂತರವೂ ಬೆನಕ ಈ ನಾಟಕವನ್ನು ಕೈಬಿಡದೆ ಪ್ರದರ್ಶಿಸಿತು.

ಕಾರಂತರ ಆತ್ಮಕಥನ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಅವರು ಹೇಳಿದ್ದನ್ನು ಲೇಖಕಿ ವೈದೇಹಿ ಅಕ್ಷರಕ್ಕಿಳಿಸಿದ ಪುಸ್ತಕ. ಕುಳಿತು ಬರೆಯುವ ತಾಳ್ಮೆ ಅವರಿಗಿರಲಿಲ್ಲ. ತಮ್ಮ ತರಬೇತಿ ಕ್ರಮವನ್ನು ಅವರು ಪಠ್ಯವಾಗಿ ಬರೆದಿಟ್ಟು ಹೋಗಲಿಲ್ಲ. ಹಾಗಾಗಿ ಕಾರಂತರ ಪದ್ಧತಿ ಎಂಬುದು ಇಂದು ಅವರೊಡನೆ ದುಡಿದವರ ಕಂಠದಲ್ಲಿ, ಕೆಲವು ಧ್ವನಿಮುದ್ರಣಗಳಲ್ಲಿ ಮಾತ್ರ ಉಳಿದಿದೆ. ಆ ಕಂಠಗಳಿಗೂ ವಯಸ್ಸಾಗಿದೆ. ವಿಶ್ವವಿದ್ಯಾನಿಲಯವೊಂದರ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ಅವರಿಗಿತ್ತು. ಅದನ್ನು ಅವರು ಹಿಡಿಯಲಿಲ್ಲ.

ಗುಬ್ಬಿ ವೀರಣ್ಣನವರು 1972ರಲ್ಲಿ, ಅಂದರೆ ತಾವು ಓದಿಸಿದ ಹುಡುಗ ಬೆಂಗಳೂರಿನ ಬಯಲಿನಲ್ಲಿ ಹಾಡನ್ನು ಮರಳಿ ತಂದ ವರ್ಷವೇ ತೀರಿಕೊಂಡರು. ಅವರ ಮೊಮ್ಮಗಳು ಬಿ. ಜಯಶ್ರೀ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ಹಾಡುವ ನಟಿಯಾಗಿ ಖ್ಯಾತರಾಗಿ, ಮುಂದೆ ರಂಗಾಯಣದ ನಿರ್ದೇಶಕ ಸ್ಥಾನಕ್ಕೂ ಬಂದರು. ವೃತ್ತಿ ರಂಗಭೂಮಿಗೆಂದೇ ಪ್ರತ್ಯೇಕ ರಂಗಾಯಣವೊಂದು ಈಗ ದಾವಣಗೆರೆಯ ಪಾಲಿಗೆ ಬಂದಿದೆ. ಕಂಪನಿ ಟೆಂಟುಗಳ ತವರಿನಂತಿದ್ದ ಆ ಊರಿನಲ್ಲಿ ಹಾಡುವ ನಟರನ್ನು ಹೊಸದಾಗಿ ತಯಾರು ಮಾಡುವ ಹೊಣೆ ಅದರ ಮೇಲಿದೆ.

ಬಿ.ವಿ. ಕಾರಂತರು 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ನಿಧನರಾದರು. ಪ್ರೇಮಾ ಕಾರಂತರು 2007ರಲ್ಲಿ ತೀರಿಕೊಂಡರು. ದಂಪತಿಗೆ ಮಕ್ಕಳಿರಲಿಲ್ಲ.